ನಾಮದೇವ ಟೇಲರನ ಗೋಣು

ಅಥಣಿ ಪೇಟೆಯ ನಾಮದೇವ ಟೇಲರನ ಗೋಣು ಹಿಡಿದದ್ದು ಯಾಕೂಬನ ಒಳ್ಳೆಯತನದಿಂದ.

ಯಾಕೂಬ ಪಕ್ಕದ ಅಂಗಡಿಯವನು. ಗಾದಿ, ತಲೆದಿಂಬು ಹೊಲಿಯುವುದು ಅವನ ಕಸುಬು. ಮಧ್ಯಾಹ್ನ ಅಂಗಡಿಯಲ್ಲಿ ಸ್ವಲ್ಪ ಅಡ್ಡಾಗಲೆಂದು ನಾಮದೇವ ಮನೆಯಿಂದ ತಂದಿದ್ದ ದಿಂಬು ಒಂದು ದಿನ ಅವನ ಕಣ್ಣಿಗೆ ಬಿತ್ತು. ಅದು ಹಪ್ಪಳದಷ್ಟು ತೆಳುವಾಗಿತ್ತು. ಗಾದಿ ಹೊಲಿಯುವವನ ಗೆಳೆಯ ಇಂಥ ದಿಂಬಿನ ಮೇಲೆ ತಲೆಯಿಡುವುದೆಂದರೆ ತನ್ನ ಮನೆತನಕ್ಕೇ ಅವಮಾನ ಎಂದು ಯಾಕೂಬನಿಗೆ ಅನ್ನಿಸಿತು. ಸಂಜೆಯೊಳಗೆ ಒಂದು ಹೊಸ ದಿಂಬು ತಯಾರಾಯಿತು. "ಒಬ್ಬಾವ ಮಲಗಾಂವ ನೀ. ದಿಂಬರ ಗಟ್ಟಿ ಇರ್ಲಿ ಭಾಯಿ" ಎಂದು ನಾಮದೇವನ ಕಂಕುಳಿಗೆ ತುರುಕಿಯೂ ಕಳಿಸಿದ.

ಗಟ್ಟಿಯೇನೋ ಇತ್ತು. ಕಬ್ಬಿನ ಟ್ರಾಲಿ ಏರಿನಲ್ಲಿ ನಿಂತಾಗ ಗಾಲಿಗೆ ಕೊಡುವ ಕಲ್ಲಿನ ಬದಲು ಅದನ್ನು ಧಾರಾಳವಾಗಿ ಇಡಬಹುದಿತ್ತು. ತಲೆಯಿಟ್ಟರೆ ದಿಂಬು ತಗ್ಗಲಿಲ್ಲ, ತಲೆಯೇ ಎದ್ದು ಕೂತಿತು. ಆದರೆ ತನಗಾಗಿ ಯಾರಾದರೂ ಏನನ್ನಾದರೂ ಮಾಡಿಕೊಟ್ಟು ಬಹಳ ವರ್ಷಗಳಾಗಿದ್ದವು. ಅದನ್ನು ಬದಿಗಿಡಲು ನಾಮದೇವನಿಗೆ ಮನಸ್ಸು ಬರಲಿಲ್ಲ. ಹಾಗೇ ಮಲಗಿದ.

ಬೆಳಿಗ್ಗೆ ಎದ್ದಾಗ ಮುಖ ಎಡಭುಜದ ಕಡೆ ತಿರುಗಿತ್ತು. ಎದೆ ಒಂದು ದಿಕ್ಕಿಗೆ, ಮುಖ ಇನ್ನೊಂದು ದಿಕ್ಕಿಗೆ. ತಿರುಗಿಸಲು ನೋಡಿದರೆ ಕಿವಿಯ ಹಿಂದಿನಿಂದ ಹೆಗಲಿನವರೆಗೆ ಬೆಂಕಿಯ ಗೆರೆ ಎಳೆದಂತಾಯಿತು.

ಇಂಥ ನೋವು ಬಂದಾಗ ಮನುಷ್ಯ ಮೊದಲು "ಅಯ್ಯೋ" ಅನ್ನುತ್ತಾನೆ. ಆಮೇಲೆ, ಯಾರಾದರೂ "ಏನಾತು?" ಅನ್ನುತ್ತಾರೇನೋ ಎಂದು ಕಾಯುತ್ತಾನೆ. ನಾಮದೇವ "ಅಯ್ಯೋ" ಅಂದ. ಸ್ವಲ್ಪ ಹೊತ್ತು ಕಾದ. ಆಮೇಲೆ ತಾನೇ "ಏನಿಲ್ಲ" ಅಂದುಕೊಂಡು ಚಹಾಕ್ಕಿಟ್ಟ. ಒಲೆ ನೋಡಬೇಕೆಂದರೆ ಇಡೀ ಮೈಯನ್ನೇ ಬಲಕ್ಕೆ ತಿರುಗಿಸಿ ನಿಲ್ಲಬೇಕಾಗಿತ್ತು. ಅಷ್ಟರಲ್ಲಿ ಚಹಾ ಉಕ್ಕಿತು.

ಗೋಡೆಯ ಆಚೆ ಹೊಳೆವ್ವನ ಮನೆಯಲ್ಲಿ ಎಂದಿನ ಸಂತೆ ಶುರುವಾಗಿತ್ತು. ಒಂದೇ ಗೋಡೆ ಎರಡೂ ಮನೆಗೆ. ಆಚೆ ಇಬ್ಬರು ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಟಿವಿ, ಮಿಕ್ಸರ್, ರೊಟ್ಟಿ ಬಡಿಯುವ ಸದ್ದು. ಈಚೆ ನಾಮದೇವ. ಆ ಮನೆಯಲ್ಲಿ ಇವತ್ತು ಯಾವ ಪಲ್ಯ, ಯಾವ ಮಗು ಶಾಲೆಗೆ ಹೋಗಲು ಹಟ ಹಿಡಿದಿದೆ ಎಂಬುದೆಲ್ಲ ಅವನಿಗೆ ಕೇಳಿಯೇ ಗೊತ್ತಾಗುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಅವನು ಬೆಳಗಿನ ಚಹಾವನ್ನು ಆ ಗೋಡೆಗೆ ಬೆನ್ನು ಹಚ್ಚಿಯೇ ಕುಡಿಯುತ್ತಿದ್ದ. ಐವತ್ತು ದಾಟಿದ ಗಂಡಸು ಹೀಗೆ ಗೋಡೆಗೆ ಕೂತು ಚಹಾ ಕುಡಿಯುತ್ತಾನೆಂದು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಅಂಗಡಿ ತೆರೆಯುವಷ್ಟರಲ್ಲಿ ತೆಲಸಂಗದ ಮುರಗೆಪ್ಪ ಬಂದು ನಿಂತಿದ್ದ. ದೊಡ್ಡ ರೈತ, ದೊಡ್ಡ ಮೀಸೆ, ದೊಡ್ಡ ದನಿ.

"ಟೇಲರ, ನನ್ನ ಅಂಗಿ ಆತೇನೋ?"

"ಆಗೈತ್ರಿ ಗೌಡ್ರ" ಎಂದ ನಾಮದೇವ. ಅಂಗಿ ನಿಜಕ್ಕೂ ತಯಾರಾಗಿತ್ತು. ಆದರೆ ಹಾಗೆನ್ನುವಾಗ ಅವನ ಮುಖ ಎಡಕ್ಕೆ, ಎದುರು ಸಾಲಿನ ಪಾತ್ರೆ ಅಂಗಡಿಯ ಕಡೆಗಿತ್ತು.

ಮುರಗೆಪ್ಪ ಜೀವಮಾನವಿಡೀ ಟೇಲರರನ್ನು ಕಂಡವನು. ಮುಖ ತಪ್ಪಿಸಿ "ಆಗೈತಿ" ಎನ್ನುವ ಟೇಲರನ ಅರ್ಥ ಅವನಿಗೆ ಚೆನ್ನಾಗಿ ಗೊತ್ತು. "ಮಾರಿ ನೋಡಿ ಹೇಳೋ!"

"ಖರೇನ ಆಗೈತ್ರಿ."

"ಸುಳ್ಳ ಹೇಳಾಕ ನಾಚಿಕಿ ಬರಾಕತ್ತೈತಿ ನಿನಗ. ಅದಕ್ಕ ಆ ಕಡೆ ನೋಡಾಕತ್ತಿ. ಲಗ್ನಕ್ಕ ಹೋಗಾಂವ ನಾನು, ಬಸ್ಸ ಹಿಡದ ಬಂದೀನಿ!"

"ಸುಳ್ಳಲ್ರಿ, ಗೋಣ ಹಿಡದೈತಿ. ಹೊಳ್ಳವಲ್ದು."

ಮುರಗೆಪ್ಪನ ಸಿಟ್ಟು ಅಲ್ಲೇ ಇಳಿದು ಹೋಯಿತು. ಅದರ ಜಾಗದಲ್ಲಿ ಅದಕ್ಕಿಂತ ಅಪಾಯದ ವಸ್ತುವೊಂದು ಬಂತು: ಕರುಣೆ. "ಇಷ್ಟ ಹೌದಿಲ್ಲೋ? ನಮ್ಮೂರಾಗ ಎತ್ತಿನ ಗೋಣ ಹಿಡದ್ರ ಬಿಡಸಾಂವ ನಾನ. ಸುಮ್ಮ ಕುಂಡ್ರ."

"ಬ್ಯಾಡ್ರಿ ಗೌಡ್ರ, ನಾ ಎತ್ತಲ್ರಿ..."

ಮಾತು ಮುಗಿಯುವ ಮುನ್ನವೇ ಒಂದು ಕೈ ಗದ್ದಕ್ಕೆ, ಒಂದು ಕೈ ತಲೆಗೆ ಬಂದಿತ್ತು. 'ಕಟ್' ಎಂಬ ಸದ್ದು ಪಕ್ಕದ ಅಂಗಡಿಗೂ ಕೇಳಿತು. ಯಾಕೂಬ ಕೈಯಲ್ಲಿನ ಅರಳೆ ಬಿಟ್ಟು ಓಡಿ ಬಂದ. ಗೋಣು ಎಲ್ಲಿತ್ತೋ ಅಲ್ಲೇ ಇತ್ತು. ಆದರೆ ಈಗ ಸ್ವಲ್ಪ ಮೇಲಕ್ಕೂ ಎದ್ದಿತ್ತು. ನಾಮದೇವ ಎಡಕ್ಕೆ ಹಾರುವ ಹಕ್ಕಿಯನ್ನು ನೋಡುವವನಂತೆ ಕಾಣುತ್ತಿದ್ದ. ಕಣ್ಣಲ್ಲಿ ನೀರು ನಿಂತಿತ್ತು.

"ಇನ್ನೊಂದ ಸಲ ತಿರುವಿದ್ರ ಬರತೈತಿ" ಎಂದ ಮುರಗೆಪ್ಪ.

"ಅಂಗಿ ತಗೊಂಡ ಲಗ್ನಕ್ಕ ಹೋಗ್ರಿ ಗೌಡ್ರ" ಎಂದು ಯಾಕೂಬ ಅವನ ಕೈಗೆ ಪೊಟ್ಟಣ ಕೊಟ್ಟು, ನಾಮದೇವನನ್ನು ಗಾಡಿಯ ಹಿಂದೆ ಕೂರಿಸಿಕೊಂಡ. ದಾರಿಯ ಪ್ರತಿಯೊಂದು ತಗ್ಗಿಗೂ ಹಿಂದಿನಿಂದ ಒಂದೊಂದು ನರಳಾಟ ಬರುತ್ತಿತ್ತು. ಯಾಕೂಬ ಪ್ರತಿಸಲವೂ "ಮಾಫ್ ಕರೋ ಭಾಯಿ" ಎನ್ನುತ್ತಿದ್ದ. ದಿಂಬಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಫಿಜಿಯೋಥೆರಪಿ ಕ್ಲಿನಿಕ್ ತೆರೆದಿದ್ದ ಡಾಕ್ಟರ್ ಸ್ನೇಹಲ ಸಣ್ಣ ವಯಸ್ಸಿನ ಹುಡುಗಿ. ನಿಪ್ಪಾಣಿ ಕಡೆಯವಳು. ಯಾಕೂಬ ಗೆಳೆಯನನ್ನು ಒಳಗೆ ಬಿಟ್ಟು ಕುಡಚಿ ಸ್ಟೇಶನ್ನಿಗೆ ಓಡಿದ. ಅವನ ಮಗಳು ಅಫ್ರೀನಳನ್ನು ನೋಡಲು ರೈಲಿಗೆ ಬೀಗರು ಬರುವವರಿದ್ದರು.

ಸ್ನೇಹಲ ಮುರಗೆಪ್ಪನ ಹಾಗೆ ತಿರುವಲಿಲ್ಲ. ಬೆರಳ ತುದಿಯಿಂದ ಹೆಗಲು, ಬೆನ್ನು, ಕಿವಿಯ ಹಿಂಭಾಗ ಮುಟ್ಟುತ್ತ, "ಇಲ್ಲಿ ನೋಯತೈತ್ರಿ? ಇಲ್ಲಿ?" ಎಂದು ಕೇಳಿದಳು. ಕೈಯಲ್ಲಿ ಜುಮ್ಮೆನ್ನುತ್ತದೆಯೇ, ತಲೆ ತಿರುಗುತ್ತದೆಯೇ ಎಂದು ವಿಚಾರಿಸಿದಳು. ಆಮೇಲೆ ಬಿಸಿ ಪಟ್ಟಿ ಇಟ್ಟಳು.

ಆ ಶಾಖದ ಕೆಳಗೆ ನಾಮದೇವ ಕಣ್ಣು ಮುಚ್ಚಿದ. ಅರ್ಧ ಅಥಣಿಯ ಕೊರಳಿನ ಅಳತೆ ಅವನಿಗೆ ಬಾಯಿಪಾಠ. ಎಷ್ಟು ಜನರ ಹೆಗಲ ಮೇಲೆ ಟೇಪು ಹಿಡಿದಿದ್ದನೋ ಲೆಕ್ಕವಿಲ್ಲ. ಆದರೆ ತನ್ನ ಹೆಗಲ ಮೇಲೆ ಹೀಗೆ ಯಾರಾದರೂ ಕೈಯಿಟ್ಟದ್ದು ಯಾವಾಗ ಎಂದು ನೆನೆಸಿಕೊಳ್ಳಲು ಹೋದರೆ ಅವ್ವನ ಕಾಲದವರೆಗೂ ಹೋಗಬೇಕಾಯಿತು. ಬಿಸಿ ಪಟ್ಟಿ ತೆಗೆದಾಗ ಅವನಿಗೆ, ಯಾರೋ ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋದಂತಾಯಿತು.

"ಗಾಬರಿ ಆಗೂವಂಥಾದ್ದೇನಿಲ್ರಿ ಕಾಕಾ" ಎಂದಳು ಸ್ನೇಹಲ. "ಸ್ನಾಯು ಬಿಗದಾವ. ದಿಂಬ ತೆಳ್ಳಂದ ತಗೋರಿ. ಮಶೀನ ಮ್ಯಾಲೆ ಗೋಣ ಬಗ್ಗಿಸಿ ತಾಸಗಟ್ಟಲೆ ಕುಂಡ್ರಬ್ಯಾಡ್ರಿ, ನಡುವ ನಡುವ ಏಳ್ರಿ. ಭುಜಾ ಹಿಂಗ ತಿರುಗಿಸ್ರಿ. ಗದ್ದಾ ಹಿಂದಕ್ಕ ಎಳಕೋರಿ, ಹಿಂಗ. ಮತ್ತ ಯಾರ ಕಡೆಯಿಂದನೂ ಗೋಣ ಮುರಸ್ಕೋಬ್ಯಾಡ್ರಿ!"

"ಇಲ್ರಿ, ಇನ್ನ ಇಲ್ಲ."

"ಇನ್ನೊಂದ ವ್ಯಾಯಾಮ ಐತಿ. ಅದಕ್ಕ ಹಿಂದ ನಿಂತು ಒಬ್ಬರು ನಿಮ್ಮ ಭುಜಾ ಕೆಳಗ ಒತ್ತಿ ಹಿಡೀಬೇಕು. ನೀವು ಸಾವಕಾಶ ಗೋಣ ಬಾಗಸಬೇಕು. ಮುಂಜಾನೆ, ಸಂಜೀಕ. ಮನ್ಯಾಗ ಅದಾರಲ್ರಿ ಯಾರರ?"

ಎಷ್ಟು ಸಲೀಸಾಗಿ ಕೇಳಿದಳು! ನೀರು ಇದೆಯೇ, ಕರೆಂಟು ಇದೆಯೇ ಎಂದು ಕೇಳಿದ ಹಾಗೆ. ಇಲ್ಲ ಎಂದರೆ ಆ ಹುಡುಗಿಯ ಮುಖದಲ್ಲಿ ಒಂದು ಬಗೆಯ ಮೆತ್ತಗಿನ ಭಾವ ಬರುತ್ತದೆ. ಅದು ನಾಮದೇವನಿಗೆ ಬಹಳ ಪರಿಚಯದ ಭಾವ. ಅದನ್ನು ಇವತ್ತು ನೋಡಲು ಅವನಿಗೆ ಶಕ್ತಿ ಇರಲಿಲ್ಲ.

"ಅದಾರ್ರಿ" ಎಂದುಬಿಟ್ಟ.

"ಚಲೋ ಆತು. ಸಂಜೀಕ ಅವರನ್ನ ಕರ್ಕೊಂಡ ಬರ್ರಿ. ಹೆಂಗ ಹಿಡೀಬೇಕು ಅಂತ ನಾ ತೋರಿಸಿಕೊಡ್ತೇನಿ."

ಮಧ್ಯಾಹ್ನ ಯಾಕೂಬ ಬೀಗರನ್ನು ಮನೆಗೆ ಮುಟ್ಟಿಸಿ ಅಂಗಡಿಗೆ ಬಂದಾಗ ನಾಮದೇವ ಮಶೀನಿನ ಮುಂದೆ ಅಡ್ಡಲಾಗಿ ಕೂತಿದ್ದ. ನಡೆದದ್ದನ್ನೆಲ್ಲ ಹೇಳಿದ.

"ಅರೇ, ನಾ ಬರತೇನಿ" ಎಂದ ಯಾಕೂಬ.

"ನಿನ್ನ ನೋಡ್ಯಾರವರು. ಬಾಜೂ ಅಂಗಡಿಯವ ಅಂತ ನೀನ ಹೇಳಿ ಹೋಗೀದಿ. ಮ್ಯಾಲೆ ನಿನ್ನ ಬೀಗರು ಮನ್ಯಾಗ ಕುಂತಾರ."

ಯಾಕೂಬ ಯೋಚಿಸಿದ. ಯೋಚನೆ ಅವನಿಗೆ ಬಾಯಿ ಮುಚ್ಚಿಕೊಂಡು ಮಾಡಲು ಬಾರದ ಕೆಲಸ. ಪಾತ್ರೆ ಅಂಗಡಿಯವನಿಗೆ ಕೇಳುವಂತೆ, "ಒಟ್ಟ ನಿನಗ ಸಂಜೀಕ ಮನ್ಯಾಗಿನಾಕಿ ಒಬ್ಬಾಕಿ ಬೇಕು!" ಎಂದ.

ಪಾತ್ರೆ ಅಂಗಡಿಯವನಿಗೆ ಅಷ್ಟು ಸಾಕಾಯಿತು. ಹೂ ಮಾರುವ ಸುಂದ್ರವ್ವನ ಬುಟ್ಟಿಯವರೆಗೆ ಹೋಗುವಷ್ಟರಲ್ಲಿ ಸುದ್ದಿ ಮಾಗಿತ್ತು. ಅವಳು ಬುಟ್ಟಿ ಹೊತ್ತುಕೊಂಡೇ ಬಂದು ಅಂಗಡಿಯ ಮೆಟ್ಟಿಲಲ್ಲಿ ನಿಂತಳು.

"ಏನ ಟೇಲರಣ್ಣಾ, ಲಗ್ನ ಮಾಡಕೊಳ್ಳಾಕತ್ತೀಯಂತ?"

ಇಂಥ ಪ್ರಶ್ನೆಗೆ ಯಾರೇ ಆದರೂ ಮೊದಲು ತಲೆ ಅಲ್ಲಾಡಿಸುತ್ತಾರೆ. ನಾಮದೇವನಿಗೆ ಅಲ್ಲಾಡಿಸಲು ಬರುವಂತಿರಲಿಲ್ಲ. ಪ್ರಯತ್ನಪಟ್ಟದ್ದಕ್ಕೆ ನೋವು ಎದ್ದು, ಹಲ್ಲು ಕಚ್ಚಿ, ಮುಖ ಕೆಂಪಾಗಿ, ಎಡಗಡೆ ಆಕಾಶ ನೋಡುತ್ತ ನಿಂತ.

"ಅಯ್ಯ, ನಾಚಕೊಂಡ್ಯಾನ ನೋಡ್ರೆವ್ವಾ!" ಎಂದಳು ಸುಂದ್ರವ್ವ. "ಮಾರಿ ತಿರುವ್ಯಾನ!"

"ಹಂಗಲ್ಲ ಸುಂದ್ರವ್ವಾ, ಗೋಣ..."

"ಗೋಣಿಗೆ ಮಾಲಿ ಬೀಳೂದೈತಿ, ಗೊತ್ತಾತ ಬಿಡೋ. ಮಾಲಿ ನನ್ನ ಕಡೇನ ಹೇಳಬೇಕ ಮತ್ತ."

ಆಮೇಲೆ ಜನ ಬರತೊಡಗಿದರು. ರವಿಕೆ ಹೊಲಿಯಲು ಕೊಟ್ಟಿದ್ದವರು, ಕೊಡದಿದ್ದವರು, ಆ ದಾರಿಯಲ್ಲಿ ಸುಮ್ಮನೆ ಹೋಗುತ್ತಿದ್ದವರು. ಹುಡುಗಿ ಯಾವ ಊರು ಎಂದು ಒಬ್ಬ ಕೇಳಿದ. ರಾಯಬಾಗ ಎಂದು ಇನ್ನೊಬ್ಬ ಉತ್ತರ ಕೊಟ್ಟ. ಈ ವಯಸ್ಸಿಗೆ ಬೇಕಿತ್ತೇ ಎಂದು ಒಬ್ಬಳು, ಈ ವಯಸ್ಸಿಗೇ ಬೇಕಾದದ್ದು ಎಂದು ಇನ್ನೊಬ್ಬಳು ವಾದಕ್ಕಿಳಿದರು. ನಾಮದೇವನ ಅಂಗಡಿಯಲ್ಲಿ ಇಷ್ಟು ನಗು, ಇಷ್ಟು ಮಾತು ಯಾವತ್ತೂ ಇರಲಿಲ್ಲ. ಅಲ್ಲವೆಂದು ಹೇಳಿ ಹೇಳಿ ಅವನ ದನಿ ಬಿದ್ದು ಹೋಗಿತ್ತು. ಕೊನೆಕೊನೆಗೆ ಅಲ್ಲವೆನ್ನುವುದನ್ನು ಅವನು ಸ್ವಲ್ಪ ತಡವಾಗಿ ಹೇಳುತ್ತಿದ್ದ ಎಂಬುದು ಯಾಕೂಬನ ಕಣ್ಣಿಗೆ ಮಾತ್ರ ಬಿತ್ತು. ಅವನು ಎಲ್ಲರನ್ನೂ ಗದರಿಸಿ ಕಳಿಸಿ, ಗೆಳೆಯನ ಅಂಗಡಿಯ ಶಟರು ಎಳೆದು, "ಮನೀಗ ಹೋಗ, ಮಲಕೋ" ಎಂದ.

ಮನೆಯ ಮುಂದಿನ ಕಟ್ಟೆಯಲ್ಲಿ ಹೊಳೆವ್ವ ಕಾಯುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಒಣಗಿದ ಬಟ್ಟೆಗಳ ರಾಶಿ ತೊಡೆಯ ಮೇಲಿತ್ತು.

"ನಡುವ ಒಂದ ಗ್ವಾಡಿ ನಮ್ಮದು. ಲಗ್ನದ ಖಬರ ಹೂವಿನ ಬುಟ್ಟಿಯಿಂದ ಕೇಳಬೇಕೇನೋ ನಾನು?"

ನಾಮದೇವನಿಗೆ ಇನ್ನು ಸುಳ್ಳು ಹೊರುವ ತ್ರಾಣವಿರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದ. ಭುಜ ಹಿಡಿಯುವುದು, ಮನೆಯಲ್ಲಿ ಯಾರಿದ್ದಾರೆಂದು ಡಾಕ್ಟರು ಕೇಳಿದ್ದು, ತಾನು ಇದ್ದಾರೆ ಅಂದದ್ದು. ಮುಖ ಬೇರೆ ಕಡೆ ಇದ್ದದ್ದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಹೊಳೆವ್ವನ ಮುಖ ನೋಡುತ್ತ ಇದನ್ನೆಲ್ಲ ಹೇಳಲು ಅವನಿಂದ ಆಗುತ್ತಿರಲಿಲ್ಲ.

ಅವಳು ನಗುತ್ತಾಳೆಂದುಕೊಂಡಿದ್ದ. ನಗಲಿಲ್ಲ. ಕೈಯಲ್ಲಿದ್ದ ಅಂಗಿ ಮಡಚಿಟ್ಟಳು.

"ಎಷ್ಟ ಗಂಟೆಕ್ಕ ಬರಾಕ ಹೇಳ್ಯಾಳ?"

"ಸಂಜೀಕ."

"ನಡಿ. ಸೀರಿ ಉಟ್ಕೊಂಡ ಬರ್ತೇನಿ. ನಾ ನಿನಗ ಏನಾಗಬೇಕಂತ ಹೇಳೂದು?"

"ಹಿರಿ ಅಕ್ಕ ಅನ್ರಿ."

"ಅನ್ನೂದೇನು, ಅಕ್ಕನ ಅಲ್ಲೇನು" ಎಂದು ಹೊಳೆವ್ವ ಒಳಗೆ ಹೋದಳು. ಒಳಗಿಂದ "ಅತ್ತಿ ಎಲ್ಲಿ ಹೊಂಟ್ರಿ? ಹಿಟ್ಟ ನಾದಬೇಕಿತ್ತು" ಎಂಬ ಸೊಸೆಯ ದನಿ ಬಂತು. ಅವಳೇನು ಉತ್ತರ ಕೊಟ್ಟಳೋ ಕೇಳಲಿಲ್ಲ. ಮದುವೆಮನೆಗೆ ಉಡುವಂಥ ಇಲಕಲ್ ಸೀರೆ ಉಟ್ಟು ಬಂದಳು.

ದಾರಿಯಲ್ಲಿ ಅವಳು ಅವನ ಎಡಕ್ಕೇ ನಡೆದಳು. "ಈ ಕಡೆ ಇದ್ರ ನಿನಗ ಕಾಣತೈತಿ" ಎಂದಳು. ಪೇಟೆಯ ಜನ ನೋಡಿದರು. ನಾಮದೇವನಿಗೆ ಆ ದಿನ ಮೊದಲ ಸಲ ನೋವು ಸ್ವಲ್ಪ ಮರೆತುಹೋಯಿತು.

ಕ್ಲಿನಿಕ್ಕಿನಲ್ಲಿ ಸ್ನೇಹಲ ಅವನನ್ನು ಕಬ್ಬಿಣದ ಕುರ್ಚಿಯ ಮೇಲೆ ಕೂರಿಸಿ, "ಬರ್ರಿ ಅಕ್ಕಾರ, ಹಿಂದ ನಿಂದರ್ರಿ. ಈ ಕೈ ಇಲ್ಲಿ ಇಡ್ರಿ, ಕೆಳಗ ಒತ್ತರಿ" ಎಂದಳು.

ಹೊಳೆವ್ವ ಕೈ ಎತ್ತಿದಳು. ಭುಜದ ಎತ್ತರಕ್ಕೆ ಬರುವಷ್ಟರಲ್ಲಿ, "ಅಯ್ಯಯ್ಯವ್ವಾ!" ಎಂದು ತನ್ನ ಗೋಣನ್ನೇ ಹಿಡಿದುಕೊಂಡಳು.

ಸ್ನೇಹಲ ನಾಮದೇವನ ಭುಜ ಬಿಟ್ಟು ಅವಳ ಹತ್ತಿರ ಹೋದಳು. "ಎಷ್ಟ ದಿನದಿಂದ್ರಿ ಇದು?"

"ದಿನಾ ಎಲ್ಲಿ ಬಂತವ್ವಾ. ರೊಟ್ಟಿ ಬಡಿಯೂದು, ಅರಿವಿ ತೊಳಿಯೂದು, ಮೇವಿನ ಸಿವುಡ ಹೊರೂದು... ಮದಲ ನೋಯತಿತ್ತು, ಈಗ ಕೈಯಾಗ ಇರಿವಿ ಹರದಂಗ ಆಗತೈತಿ."

"ಯಾರಿಗೂ ತೋರಿಸಿಲ್ಲೇನ್ರಿ?"

ಹೊಳೆವ್ವ ನೋಯುವ ಭುಜದ ಮೇಲೆ ಸೆರಗು ಎಳೆದುಕೊಂಡಳು. ಅವಳನ್ನು ಹಾಸಿಗೆಯ ಮೇಲೆ ಮಲಗಿಸಲಾಯಿತು. ಬಿಸಿ ಪಟ್ಟಿ ಅವಳಿಗೆ ಹೋಯಿತು. ನಾಮದೇವ ಅವಳ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಎಡಕ್ಕೆ ನೋಡುತ್ತ ಕೂತ. ಎಡಕ್ಕೆ ಕ್ಯಾಲೆಂಡರ್ ಇತ್ತು. ಅದನ್ನು ಪೂರ್ತಿ ಓದಿ ಮುಗಿಸಿದ.

"ನಿಮ್ಮದು ಕಾಕಾನ ಗೋಣಿಗಿಂತ ಹೆಚ್ಚಾಗೇತ್ರಿ" ಎಂಬುದು ಕೇಳಿತು. "ಒಂದ ಎಕ್ಸರೇ ಫೋಟೊ ತಗಸೂಣು. ಭಾರ ಹೊರೂದು ಬಂದ್. ದಿನಾ ಎರಡೂ ಹೊತ್ತು ಶಾಖ ಕೊಟ್ಟು, ಯಾರರ ಮೆತ್ತಗ ತಿಕ್ಕಿ, ಭುಜಾ ಹಿಡದು ವ್ಯಾಯಾಮ ಮಾಡಸಬೇಕು. ಸ್ವತಃ ಆಗೂದಿಲ್ಲ. ಯಾರ ಮಾಡಸ್ತಾರ?"

ಈಗ ನಾಮದೇವನಿಗೆ ಕೇಳಿಸಿದ್ದು ಒಂದು ದೀರ್ಘ ಮೌನ. ಗೋಡೆಯಾಚೆಯ ಆ ತುಂಬಿದ ಮನೆಯ ಒಬ್ಬೊಬ್ಬರನ್ನೇ ಹೊಳೆವ್ವ ಮನಸ್ಸಿನಲ್ಲಿ ಕರೆದು ನೋಡುತ್ತಿದ್ದಾಳೆಂದು ಅವನಿಗೆ ಅರ್ಥವಾಯಿತು. ದೊಡ್ಡ ಮಗ ಈಶ್ವರ ಫ್ಯಾಕ್ಟರಿಯಲ್ಲಿ. ಸಣ್ಣವನು ದ್ರಾಕ್ಷಿ ತೋಟದಲ್ಲಿ. ಸೊಸೆಯರು ಅವರವರ ಕೆಲಸದಲ್ಲಿ. ಮೊಮ್ಮಕ್ಕಳು ಮೊಬೈಲಿನಲ್ಲಿ. ಇಷ್ಟು ವರ್ಷ ಆ ಗೋಡೆಯಿಂದ ಬರುವ ಸದ್ದನ್ನೆಲ್ಲ ಕೇಳಿದ್ದ ಅವನು, ಯಾರಾದರೂ ಹೊಳೆವ್ವನನ್ನು "ಏನಾತು?" ಎಂದು ಕೇಳಿದ್ದನ್ನು ಕೇಳಿರಲಿಲ್ಲ.

"ನಮ್ಮ ತಮ್ಮ ಮಾಡಸ್ತಾನ್ರಿ" ಎಂದಳು ಹೊಳೆವ್ವ. "ಇಲ್ಲೇ ಕುಂತಾನಲ್ರಿ."

ಸ್ನೇಹಲ ನಾಮದೇವನಿಗೆ ಎಲ್ಲವನ್ನೂ ಕಲಿಸಿದಳು. ಎಲ್ಲಿ ಹೆಬ್ಬೆರಳಿಡಬೇಕು, ಎಲ್ಲಿ ಇಡಬಾರದು, ಯಾವಾಗ ನಿಲ್ಲಿಸಬೇಕು. ಅವನು ತನ್ನ ಸೊಟ್ಟ ಗೋಣಿನ ಕೆಳಗೆ ಕೈಗಳನ್ನು ನೇರ ಇಟ್ಟುಕೊಂಡು ಮಾಡಿದ. "ಟೇಲರ ಕೈಯಲ್ರಿ, ಹದಾ ಗೊತ್ತೈತಿ" ಎಂದು ಅವಳು ಮೆಚ್ಚಿದಳು.

ಹೊರಡುವಾಗ ಅವನು ಬಾಗಿಲಲ್ಲಿ ತಡೆದು ನಿಂತ. "ಮತ್ತ... ನಂದ್ರಿ? ಅಕ್ಕಾಗ ಕೈ ಏಳೂದಿಲ್ಲಲ್ರಿ."

"ಹೌದಲ್ರಿ! ಕಾಕಾ, ನೀವು ಕುರ್ಚಿ ಮ್ಯಾಲೆ ಕುಂತು, ಒಂದ ಕೈಲೆ ಕುರ್ಚಿ ಅಂಚ ಗಟ್ಟಿ ಹಿಡೀರಿ. ಗೋಣ ಆಚಿ ಕಡೆ ಬಾಗಸ್ರಿ. ಭುಜಾ ತಾನ ಕೆಳಗ ನಿಂದರತೈತಿ."

"ಹಂಗೂ ನಡೀತೈತೇನ್ರಿ?"

"ನಡೀತೈತ್ರಿ. ಒಬ್ಬರ ಇರೂವವರಿಗೆಲ್ಲ ನಾ ಹಂಗ ಹೇಳೂದು."

ನಾಮದೇವ ಅವಳನ್ನು ನೋಡಲಿಲ್ಲ. ನೋಡಲು ಬರುತ್ತಲೂ ಇರಲಿಲ್ಲ.

ಕತ್ತಲಾಗುವ ಮುನ್ನ ಹೊಳೆವ್ವನ ಕಟ್ಟೆಯಲ್ಲಿ ಮೊದಲ ಪಾಠ ನಡೆಯಿತು. ಒಳಗಿಂದ ಬಿಸಿನೀರಿನ ಚೀಲ ಬಂತು. ಸೊಸೆಯರು ಬಾಗಿಲಲ್ಲಿ ನಿಂತು ನೋಡಿದರು. "ಅತ್ತಿಗೆ ಗೋಣ ನೋಯತಿತ್ತೇನು?" ಎಂದು ಒಬ್ಬರನ್ನೊಬ್ಬರು ಕೇಳಿದರು. ನಾಮದೇವ ಮೆತ್ತಗೆ ತಿಕ್ಕಿದ, ಭುಜ ಹಿಡಿದ, ಬಾಗಿಸಿದ. ಹೊಳೆವ್ವ ಕಣ್ಣು ಮುಚ್ಚಿ, ಒಂದು ಉದ್ದ ಉಸಿರು ಬಿಟ್ಟು, ಗೋಣನ್ನು ಸಾವಕಾಶವಾಗಿ ಆಚೆಗೂ ಈಚೆಗೂ ತಿರುಗಿಸಿ ನೋಡಿದಳು. ತಿರುಗಿತು. ಮುಖವೇ ಬೇರೆಯಾಗಿತ್ತು.

"ಒಳಗ ಬಾರೋ, ಉಂಡ ಹೋಗ..." ಎಂದು ಶುರು ಮಾಡಿದ್ದಳು. ಅಷ್ಟರಲ್ಲಿ ಒಳಗೆ ಒಂದು ಮಗು ಬಿದ್ದು ಅಳತೊಡಗಿತು, ಟಿವಿಯ ದನಿ ಏರಿತು, ಯಾರೋ "ಅತ್ತಿ, ರೊಟ್ಟಿ ಹೊತ್ತಾಕತ್ತಾವ!" ಎಂದು ಕೂಗಿದರು. ಹೊಳೆವ್ವ ಎದ್ದು ಓಡಿದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಾಮದೇವ ಸ್ವಲ್ಪ ಹೊತ್ತು ನಿಂತಿದ್ದು ತನ್ನ ಮನೆಗೆ ಬಂದ. ಇಷ್ಟು ಹೊತ್ತು ಬಗ್ಗಿ ತಿಕ್ಕಿದ್ದಕ್ಕೆ ಈಗ ಬಲಭುಜವೂ ಹಿಡಿದಿತ್ತು.

ದೀಪ ಹಚ್ಚಿ, ಇದ್ದೊಂದು ಕುರ್ಚಿಯನ್ನು ನಡುಮನೆಗೆ ಎಳೆದುಕೊಂಡು ಕೂತ. ಅಷ್ಟರಲ್ಲಿ ಗೋಡೆಯ ಮೇಲೆ ಆಚೆಯಿಂದ ಗುದ್ದಿದ ಸದ್ದಾಯಿತು.

"ನಾಮದೇವಾ! ಮುಂಜಾನೆ ಜಲ್ದಿ ಬಾರೋ! ನಮ್ಮ ಈಶ್ವರಂದೂ ಸ್ವಂಟ ಹಿಡದೈತಂತ! ಸಣ್ಣ ಸೊಸಿಗೆ ಮಣಕಾಲ ಅಂತ!"

"ಆತ್ರೀ ಅಕ್ಕಾ!" ಎಂದು ಕೂಗಿದ.

ಆಮೇಲೆ ಡಾಕ್ಟರು ಹೇಳಿದಂತೆ ಬಲಗೈಯಿಂದ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದು, ಉಸಿರು ಬಿಗಿಹಿಡಿದು, ಗೋಣನ್ನು ಎಡಕ್ಕೆ ಬಾಗಿಸಿದ. ಡಾಕ್ಟರ ಕುರ್ಚಿ ಕಬ್ಬಿಣದ್ದು. ಇವನದು ಪ್ಲಾಸ್ಟಿಕ್ಕಿನದು. ಇವನು ಬಾಗಿದ ಕಡೆಗೇ ಕುರ್ಚಿಯೂ ಬಾಗಿ, ಎರಡು ಕಾಲು ಮೇಲೆತ್ತಿ, ಇವನನ್ನು ಎತ್ತಿ ನೆಲಕ್ಕೆ ಹಾಕಿತು.

ನಾಮದೇವ ಎದ್ದು ಕುರ್ಚಿಯನ್ನು ನೇರ ನಿಲ್ಲಿಸಿದ. ಮತ್ತೆ ಕೂತ. ಮತ್ತೆ ಹಿಡಿದ, ಮತ್ತೆ ಬಾಗಿದ, ಮತ್ತೆ ಬಿದ್ದ. ಬಿದ್ದಲ್ಲೇ ಕೂತು ಕುರ್ಚಿಯನ್ನು ಬಹಳ ಹೊತ್ತು ನೋಡಿದ ಮೇಲೆ ಅವನಿಗೆ ವಿಷಯ ತಿಳಿಯಿತು. ವ್ಯಾಯಾಮವೇನೋ ಒಬ್ಬನೇ ಮಾಡಬಹುದಿತ್ತು. ಕುರ್ಚಿ ಹಿಡಿಯಲು ಯಾರಾದರೂ ಒಬ್ಬರು ಬೇಕಾಗಿತ್ತು.